ಒಂದು ಹಿಡಿ ಕೂದಲಿಗೆ ಒಬ್ಬ ಮನುಷ್ಯ

ಬಚ್ಚಲ ಮೋರಿ ಕಟ್ಕೊಂಡ್ರೆ ನಿಮ್ಮ ಮನೇಲಿ ಮೊದಲು ಯಾರ ನೆನಪಾಗುತ್ತೆ? ಪ್ಲಂಬರ್ ನೆನಪಾಗೋದು ಆಮೇಲೆ. ಮೊದಲು ನೆನಪಾಗೋದು ಒಂದು ಕಾಲೋನಿ. ಯಾವ ಊರೇ ಇರಲಿ, ಮೋರಿಗೆ ಕೈ ಹಾಕೋ ಜನ ಎಲ್ಲಿರ್ತಾರೆ ಅನ್ನೋದು ಊರಿಗೆಲ್ಲ ಗೊತ್ತಿರುತ್ತೆ. ಅವರ ಹೆಸರು ಗೊತ್ತಿರಲ್ಲ, ಕಾಲೋನಿ ಗೊತ್ತಿರುತ್ತೆ.

ಈ ವಾರ ನಮ್ಮ ಮನೆಯಲ್ಲೂ ಮೋರಿ ಕಟ್ಕೊಳ್ತು. ಹೇಳ್ಕೊಳ್ಳೋವಂಥ ಘಟನೆ ಏನಲ್ಲ. ಆದ್ರೂ ಬರೀತಿದೀನಿ ಗೆಳೆಯರೇ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇದ್ದೋರು ಓದಿ.

ನಾವಿರೋದು ಬೆಂಗಳೂರಿನ ಹೊರವಲಯದ ಬಾಡಿಗೆ ಮನೆ. ಕೆಳಗೆ ನಾವು, ಮೇಲೆ ಓನರ್. ಬೋರ್‌ವೆಲ್ ನೀರು. ಯುಜಿಡಿ ಲೈನು ನಮ್ಮ ಬೀದಿಗೆ ಇನ್ನೂ ಬಂದಿಲ್ಲ, ಹಾಗಾಗಿ ಎರಡೂ ಮನೆಯ ಗಲೀಜೆಲ್ಲ ಕಾಂಪೌಂಡಿನೊಳಗಿನ ಪಿಟ್ಟಿಗೆ ಹೋಗುತ್ತೆ. ಮನೆ ಕೊಡುವಾಗ ಓನರ್ ಜಾತಿ ಕೇಳಲಿಲ್ಲ, "ನಾನ್‌ವೆಜ್ ಮಾಡ್ತೀರಾ?" ಅಂತ ಕೇಳಿದ್ರು. ಹಾಲ್‌ನಲ್ಲಿ ಬಾಬಾಸಾಹೇಬರ ಫೋಟೋ ಹಾಕಿದ ದಿನ ಅವರಿಗೆ ಬೇಕಾಗಿದ್ದ ಉತ್ತರ ಸಿಕ್ತು. ಅಲ್ಲಿಂದಾಚೆ ಮಾತು ಸ್ವಲ್ಪ ಕಡಿಮೆ. ಬಾಡಿಗೆ ಮಾತ್ರ ಒಂದನೇ ತಾರೀಕಿಗೇ ಬೇಕು.

ಮೂರು ದಿನದಿಂದ ಸ್ನಾನದ ನೀರು ಪಾದ ಮುಳುಗೋ ಅಷ್ಟು ನಿಲ್ತಿತ್ತು. ಓನರಿಗೆ ಹೇಳಿದೆ. ಅವರು ಬಂದು ಬಾಗಿಲಲ್ಲೇ ನಿಂತು, ಒಳಗೂ ಇಣುಕದೆ ತೀರ್ಮಾನ ಕೊಟ್ರು. "ಪಿಟ್ ತುಂಬಿದೆ. ಆ ಕಡೆ ಕಾಲೋನಿಯಿಂದ ಒಬ್ಬನ್ನ ಕರೆಸ್ತೀನಿ ಬಿಡಿ. 500 ರೂಪಾಯಿ, ಒಂದು ಕ್ವಾರ್ಟರ್ ಕೊಟ್ರೆ ಇಳಿದು ಕ್ಲೀನ್ ಮಾಡ್ಕೊಟ್ಟು ಹೋಗ್ತಾನೆ. ಲಾರಿ ಕರೆದ್ರೆ 2,000 ಕೇಳ್ತಾರೆ."

ಆ ಕ್ವಾರ್ಟರನ್ನ ಗಮನಿಸಿ. ಅದು ಅವರ ಔದಾರ್ಯ ಅಂದ್ಕೋಬೇಡಿ. ಎಚ್ಚರ ಇರೋ ಮನುಷ್ಯ ಆ ಗುಂಡಿಗೆ ಇಳಿಯಲ್ಲ ಅನ್ನೋದು ಕರೆಯೋರಿಗೂ ಗೊತ್ತು. ಕುಡಿಸಿ ಇಳಿಸ್ತಾರೆ. ಆಮೇಲೆ "ಆ ಜನ ಕುಡೀತಾರೆ ಕಣ್ರೀ" ಅಂತ ಅವರೇ ಹೇಳ್ತಾರೆ.

"ಪಿಟ್ಟಿಗೆ ಯಾರೂ ಇಳಿಯಲ್ಲ ಸಾರ್" ಅಂದೆ.

"ಮನೆ ನಂದು" ಅಂದ್ರು.

"ಕಾನೂನು ನಂದೂ ನಿಮ್ದೂ ಇಬ್ರದ್ದೂ ಸಾರ್. ಇಳಿಸಿದ್ರೆ ಇಳಿಸಿದೋರ ಮೇಲೆ ಕೇಸು."

ಎರಡು ತಿಂಗಳಲ್ಲಿ ನಮ್ಮ 11 ತಿಂಗಳ ಅಗ್ರಿಮೆಂಟ್ ಮುಗಿಯುತ್ತೆ. ಮಾತಾಡುವಾಗ ಅದು ನನ್ನ ತಲೇಲಿತ್ತು. ಅವರ ತಲೇಲೂ ಇತ್ತು ಅನ್ನೋದು ಮುಖ ನೋಡಿದ್ರೆ ಗೊತ್ತಾಗ್ತಿತ್ತು. "ಭಾನುವಾರದ ತನಕ ಟೈಮ್ ಕೊಡಿ, ಮೊದಲು ನಾನೇ ನೋಡ್ತೀನಿ" ಅಂದೆ. ಅವರು ನಕ್ಕು ಮೇಲೆ ಹೋದ್ರು.

ನನಗೆ ಪಿಟ್ ತುಂಬಿದೆ ಅನ್ನೋದ್ರಲ್ಲೇ ಅನುಮಾನ ಇತ್ತು. ಪಿಟ್ ತುಂಬಿದ್ರೆ ಎಲ್ಲ ಕಡೆಯೂ ನೀರು ನಿಲ್ಲಬೇಕು. ಟಾಯ್ಲೆಟ್ಟಿನ ನೀರು ಸಲೀಸಾಗಿ ಹೋಗ್ತಿತ್ತು, ಅಡುಗೆಮನೆ ಸಿಂಕೂ ಹೋಗ್ತಿತ್ತು. ನಿಲ್ತಿದ್ದದ್ದು ಬಚ್ಚಲು ಒಂದೇ. ಅಂದ್ರೆ ತೊಂದರೆ ಬಚ್ಚಲ ಹತ್ತಿರವೇ ಎಲ್ಲೋ ಇದೆ. ಇದನ್ನ ತಿಳಿಯೋಕೆ ಎಂಜಿನಿಯರಿಂಗ್ ಓದಬೇಕಿಲ್ಲ, ಬಿ.ಎ. ಸಾಕು. ಬಾಗಿಲಿಂದ ಒಳಗೆ ಬಂದು ನೋಡಬೇಕು ಅಷ್ಟೆ.

ನಮ್ಮ ಬಚ್ಚಲ ಮೂಲೇಲಿ ಇರೋ ಆ ತೂತಿಗೆ ಹಾರ್ಡ್‌ವೇರ್ ಅಂಗಡೀಲಿ ನಾನಿ ಟ್ರ್ಯಾಪ್ ಅಂತಾರೆ. ಮೇಲೊಂದು ಸ್ಟೀಲ್ ಜಾಲರಿ, ಕೆಳಗೊಂದು ಬಟ್ಟಲಿನಂಥದ್ದು. ಆ ಬಟ್ಟಲಲ್ಲಿ ಯಾವಾಗ್ಲೂ ಎರಡು ಇಂಚು ನೀರು ನಿಂತಿರಬೇಕು. ಆ ನೀರೇ ಬಾಗಿಲು. ಪೈಪಿನಿಂದ ವಾಪಸ್ ಬರೋ ಕೆಟ್ಟ ಗಾಳಿಯನ್ನ ಅದು ತಡೆಯುತ್ತೆ. ಈ ಉಪಾಯಕ್ಕೆ ಒಂದು ಚರಿತ್ರೆ ಇದೆ. 1775ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನೋರು ಬಾಗಿದ ಪೈಪಿನಲ್ಲಿ ನೀರು ನಿಲ್ಲಿಸೋ ಟಾಯ್ಲೆಟ್ಟಿಗೆ ಪೇಟೆಂಟ್ ತಗೊಂಡ್ರು. ಅವರ ಕಸುಬು ಗಡಿಯಾರ ಮಾಡೋದು. ಗಡಿಯಾರ ಮಾಡೋ ಮನುಷ್ಯ ಕೂತು ಪಾಯಿಖಾನೆ ಪೈಪಿನ ಬಗ್ಗೆ ತಲೆ ಕೆಡಿಸ್ಕೊಂಡ. ನಮ್ಮಲ್ಲಿ ತಲೆ ಇದ್ದೋರು ಅಂತ ಹೇಳ್ಕೊಂಡೋರು ಅದರ ಬಗ್ಗೆ ಯಾಕೆ ಯೋಚನೆ ಮಾಡಲಿಲ್ಲ? ಅವರಿಗೆ ಪೈಪ್ ಬೇಕಾಗಿರಲಿಲ್ಲ. ನಾವಿದ್ವಿ.

ಜಾಲರಿ ತಿರುಗಿಸಿದ್ರೆ ಬಿಚ್ಚಿಕೊಳ್ಳಬೇಕು. ಬಿಚ್ಚಲಿಲ್ಲ. ಹಳೇ ಮನೆ, ಗಡಸು ನೀರು, ಎಷ್ಟೋ ವರ್ಷದ ಉಪ್ಪು ಕಟ್ಟಿ ಜಾಲರಿ, ಅದರ ರಿಂಗು ಎರಡೂ ಒಂದೇ ಕಲ್ಲಾಗಿ ಹೋಗಿತ್ತು. ರಾತ್ರಿ ಯೂಟ್ಯೂಬ್ ನೋಡಿದೆ. ನಮ್ಮ ಬಚ್ಚಲಿನ ವಿಡಿಯೋ ಹುಡುಕಿದ್ರೆ ಬರೋದೆಲ್ಲ ಅಮೆರಿಕದ ಬಾತ್‌ಟಬ್. ಒಬ್ಬ ಬಿಳಿಯ, ನನ್ನ ವಯಸ್ಸಿನೋನೇ, ಮನೆ ಬಟ್ಟೇಲಿ ಟಬ್ಬಿನೊಳಗೆ ಮಂಡಿಯೂರಿ ಕೂತು ತನ್ನ ಮನೆಯ ತೂತಿನ ಜಾಲರಿಯನ್ನ ತಾನೇ ಬಿಚ್ತಿದಾನೆ. ಬಿಚ್ಚಿದ ಮೇಲೆ ಒಳಗಿಂದ ಬಂದ ಕೂದಲಿನ ಉಂಡೆಯನ್ನ ಕ್ಯಾಮೆರಾಗೆ ಹಿಡಿದು ತೋರಿಸಿ ನಗ್ತಿದಾನೆ! ಲಕ್ಷಾಂತರ ಜನ ನೋಡಿದಾರೆ. ಯಾರೂ ಅವನ ಕುಲ ಕೇಳಿಲ್ಲ.

ಅಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಅಲ್ಲಿನ ವರ್ಣಭೇದದ ಕತೆ ನಮಗೂ ಗೊತ್ತು. ಆದ್ರೆ ತನ್ನ ಮನೆ ಮೋರಿಗೆ ಕೈ ಹಾಕಿದ ಕಾರಣಕ್ಕೆ ಆ ಮನುಷ್ಯ ಸಂಜೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಅದಷ್ಟೇ ನನ್ನ ಹೊಟ್ಟೆಕಿಚ್ಚು.

ಶನಿವಾರ ರಾತ್ರಿ ಕೆಲಸ ಶುರು ಮಾಡಿದೆ. ನಮ್ಮವ್ವ ಊರಿಂದ ಬಂದಿದ್ರು. ನಾನು ರಬ್ಬರ್ ಗ್ಲೌಸ್ ಹಾಕ್ಕೊಂಡು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತದ್ದು ನೋಡಿ ಬಾಗಿಲಲ್ಲೇ ನಿಂತ್ಬಿಟ್ರು.

"ಏನ್ಲಾ ಮಗ ಇದು? ನಿನ್ನ ಓದ್ಸಿದ್ದು ಮೋರಿಗೆ ಕೈ ಹಾಕ್ಲಿ ಅಂತನಾ?"

ತಮಾಷೆಗೆ ಕೇಳಿದ್ದಲ್ಲ. ಕಣ್ಣಲ್ಲಿ ನೀರಿತ್ತು.

ಅವ್ವನ ಮಾತನ್ನ ನೀವು ಅವ್ವನ ಕಡೆಯಿಂದ ನೋಡಬೇಕು. ನಮ್ಮ ತಾತ ಊರ ತೋಟಿ. ಸತ್ತ ದನ ಹೊರೋದು, ಸಾವಿನ ಸುದ್ದಿ ಒಯ್ಯೋದು, ಗೌಡರ ಅಂಗಳದಲ್ಲಿ ಕಾಯೋದು. 1961ರಲ್ಲಿ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂತು, ಕಾಗದದಲ್ಲಿ ತೋಟಿಗಿರಿ ಹೋಯ್ತು. ಊರಿನ ನಾಲಿಗೆಯಿಂದ ಹೋಗೋಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಅವ್ವ ಬೇರೆಯವರ ಕೊಟ್ಟಿಗೆ ಬಾಚಿ, ಸಗಣಿ ಹೊತ್ತು ನನ್ನನ್ನ ಹಾಸ್ಟೆಲ್ಲಿಗೆ ಸೇರಿಸಿದ್ದು. ಅವರಿಗೆ ನನ್ನ ಬಿ.ಎ. ಅಂದ್ರೆ ಒಂದೇ ಅರ್ಥ: ಈ ಕೈ ಇನ್ನು ಗಲೀಜು ಮುಟ್ಟಲ್ಲ. ಕ್ಲರ್ಕ್ ಕೆಲಸ ಸಿಕ್ಕ ದಿನ ಅವ್ವ ನನ್ನ ಸಂಬಳ ಎಷ್ಟು ಅಂತ ಕೇಳಲಿಲ್ಲ. "ಕೂತ್ಕಂಡು ಬರ್ಯೋ ಕೆಲ್ಸ ತಾನೇ?" ಅಂತ ಕೇಳಿದ್ರು.

ಹೊಲಸು ಕೆಲಸ ಬಿಡಿ, ಹಳ್ಳಿ ಬಿಡಿ, ಓದಿ ಅಂತ ಬಾಬಾಸಾಹೇಬರು ಹೇಳಿದ್ದನ್ನ ಅವ್ವ ಓದಿಲ್ಲ. ಆದ್ರೆ ಪಾಲಿಸಿದಾರೆ. ಆ ಕಡೆ ಗಾಂಧಿ, ಭಂಗಿ ಕೆಲಸವೂ ಪವಿತ್ರ ಅನ್ನೋ ದಾರಿ ಹಿಡಿದರು. ಪವಿತ್ರ ಅಂದ ತಕ್ಷಣ ಅದನ್ನ ಮಾಡ್ತಿದ್ದೋರ ಕೈಗೆ ಬೇರೆ ಕೆಲಸ ಬರಲಿಲ್ಲ. ಅದಕ್ಕೇ ಅಕ್ಟೋಬರ್ 2ಕ್ಕೆ ಹೊಸ ಪೊರಕೆ ಹಿಡಿದು ಫೋಟೋ ತೆಗೆಸ್ಕೊಳ್ಳೋರನ್ನ ಕಂಡ್ರೆ ನನಗೆ ಉರಿಯುತ್ತೆ. ಅವರು ಗುಡಿಸೋದು ಯಾವಾಗ್ಲೂ ಒಣಗಿದ ಎಲೆ. ಮೋರಿ ಮುಂದೆ ಫೋಟೋ ತೆಗೆಸಿಕೊಂಡೋರನ್ನ ನಾನಂತೂ ನೋಡಿಲ್ಲ.

ಅವ್ವಂಗೆ ಇಷ್ಟೇ ಹೇಳಿದೆ. "ಅವ್ವ, ಇದು ನಮ್ ನೀರು, ನಮ್ ಕೂದ್ಲು. ಬೇರೆಯೋರ್ದು ನಾನ್ ತೆಗೆಯಲ್ಲ. ನಮ್ದನ್ನ ಬೇರೆಯೋರ್ ಕೈಲಿ ತೆಗೆಸಲ್ಲ. ನಾನ್ ತೆಗೀಲಿಲ್ಲ ಅಂದ್ರೆ ಆ ಯಪ್ಪ ನಾಳೆ ನಮ್ ಥರದ ಇನ್ನೊಬ್ಬವ್ವನ ಮಗನ್ನ ಗುಂಡಿಗೆ ಇಳಿಸ್ತಾನೆ."

ಅವ್ವ ಏನೂ ಮಾತಾಡಲಿಲ್ಲ. ಒಳಗೆ ಹೋದ್ರು. ಕೋಪ ಮಾಡ್ಕೊಂಡ್ರು ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲಲ್ಲಿ ಕಿವುಚಿದ ಹುಣಸೆಹಣ್ಣು ತಂದು ಇಟ್ರು. "ಉಪ್ ಕಟ್ಟಿದ್ರೆ ಇದನ್ನ ಬಳಿ, ಬೆಳಿಗ್ಗೆ ತಂಕ ಬುಡು. ಆಸಿಡ್ಡು ಗೀಸಿಡ್ಡು ಸುರೀಬ್ಯಾಡ."

ಅವ್ವ ಹೇಳಿದ ಆಸಿಡ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಮನೆಗಳಲ್ಲೂ ಇದನ್ನೇ ಮಾಡ್ತಾರೆ. ಮೋರಿ ಕಟ್ಟಿದ ತಕ್ಷಣ ಟಾಯ್ಲೆಟ್ ಆಸಿಡ್ ಸುರಿಯೋದು, ಹೋಗಲಿಲ್ಲ ಅಂದ್ರೆ ಅದರ ಮೇಲೇ ಬ್ಲೀಚಿಂಗ್ ಪೌಡರ್ ಹಾಕೋದು. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನ ಕೊಲ್ಲೋಕೆ ಬಿಟ್ಟದ್ದು ಇದೇ ಗ್ಯಾಸು. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ನಿಮ್ಮ ಎದೆಗೇ ಮೊದಲು ಹೋಗುತ್ತೆ. ಕಾಸ್ಟಿಕ್ ಸೋಡಾ ಹಾಕೋರು ಇದಾರೆ. ಅದು ನೀರು ಸೇರಿದ್ರೆ ಕಾಯುತ್ತೆ, ಕಣ್ಣಿಗೆ ಸಿಡಿದ್ರೆ ಕಣ್ಣು ಹೋಗಬಹುದು. ಇನ್ನೊಂದು ವಿಷಯ ನಾವು ಯೋಚಿಸೋದೇ ಇಲ್ಲ. ಕಟ್ಟಿದ ಮೋರೀಲಿ ನೀವು ಸುರಿದದ್ದು ಹಾಗೇ ನಿಂತಿರುತ್ತೆ. ಆಮೇಲೆ ಯಾರೋ ಬಂದು ಬರಿಗೈ ಹಾಕ್ತಾನೆ. ಒಳಗೆ ಏನು ಸುರಿದಿದೀರಿ ಅಂತ ಅವನಿಗೆ ಹೇಳೋರು ಎಷ್ಟು ಜನ?

ಭಾನುವಾರ ಬೆಳಿಗ್ಗೆ ಹುಣಸೆಹುಳಿಗೆ ಉಪ್ಪು ಅರ್ಧ ಕರಗಿತ್ತು. ಬೀದಿ ಕೊನೆಯ ಬೈಕ್ ಮೆಕ್ಯಾನಿಕ್ ಹುಡುಗನ ಹತ್ತಿರ ತುಕ್ಕು ಬಿಡಿಸೋ ಸ್ಪ್ರೇ ಇಸ್ಕೊಂಡು ಬಂದು ಅಂಚಿಗೆಲ್ಲ ಹೊಡೆದೆ. ಅರ್ಧ ಗಂಟೆ ಬಿಟ್ಟು, ಸುತ್ತಿಗೆಯ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದೆ. ಆಮೇಲೆ ಆ ಟಬ್ಬಿನವನ ಉಪಾಯ: ನೋಸ್ ಪ್ಲೇಯರಿನ ಎರಡು ಮೂತಿಯನ್ನ ಜಾಲರಿಯ ಎರಡು ತೂತಿಗೆ ತೂರಿಸಿ, ಪ್ಲೇಯರಿನ ಹಿಡಿಗಳ ಮಧ್ಯೆ ಉದ್ದ ಸ್ಕ್ರೂಡ್ರೈವರ್ ಅಡ್ಡ ಇಟ್ಟು, ಕೀಲಿ ತಿರುಗಿಸೋ ಹಾಗೆ ಎಡಕ್ಕೆ ತಿರುಗಿಸೋದು. ತಿರುಗಿಸಿದೆ. ಜಾಲರಿಯ ಎರಡು ಕಂಬಿ ಪಟಕ್ ಅಂತ ಮುರಿದವು, ರಿಂಗು ಮಾತ್ರ ಅಲ್ಲಾಡಲಿಲ್ಲ.

ಕಂಬಿ ಮುರಿದ್ರೆ ಏನು ಮಾಡಬೇಕು ಅನ್ನೋದನ್ನೂ ಅವನು ತೋರಿಸಿದ್ದ. ಹ್ಯಾಕ್ಸಾ ಬ್ಲೇಡಿಂದ ಜಾಲರಿಯ ಒಳ ಅಂಚಿಗೆ ಎರಡು ಸಣ್ಣ ಕಚ್ಚು ಹಾಕಬೇಕು, ಹೊರಗಿನ ರಿಂಗಿಗೆ ತಾಗದ ಹಾಗೆ. ಆ ಕಚ್ಚಿಗೆ ಸ್ಕ್ರೂಡ್ರೈವರ್ ಓರೆಯಾಗಿ ಇಟ್ಟು, ಹಿಂದಿನಿಂದ ಸುತ್ತಿಗೇಲಿ ಎಡಕ್ಕೆ ತಟ್ಟುತ್ತಾ ಬರಬೇಕು. ಜೋರಾಗಿ ಹೊಡೆಯೋದ್ರಿಂದ ಪ್ರಯೋಜನ ಇಲ್ಲ, ಸಿಮೆಂಟೇ ಕಿತ್ತು ಬರುತ್ತೆ. ಸಣ್ಣ ಸಣ್ಣ ಏಟು. ಎಂಟನೇ ಕ್ಲಾಸಿನ ಮಗಳು ಟಾರ್ಚ್ ಹಿಡಿದಿದ್ಲು. ಹತ್ತು ಹದಿನೈದು ಏಟಿಗೆ ಒಂದು ಕೂದಲೆಳೆಯಷ್ಟು ಸರಿದಿದ್ದು ಮೊದಲು ಕಂಡದ್ದು ಅವಳಿಗೇ. "ಅಪ್ಪಾ, ಅಲ್ಲಾಡ್ತು!" ಅಂದ್ಲು. ಆಮೇಲೆ ಕೈಯಲ್ಲೇ ಬಂತು.

ಒಳಗೆ ಇದ್ದದ್ದು ಒಂದು ಹಿಡಿ ಕೂದಲು. ಅದರ ಮೇಲೆ ಬೂದು ಬಣ್ಣದ, ಕೊಬ್ಬಿನಂಥ ಸೋಪಿನ ಕಿಟ್ಟ. ಗಡಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿದ್ರೆ ನೀರಲ್ಲಿ ಕರಗದ ಈ ಕಿಟ್ಟ ಆಗುತ್ತೆ, ಅದನ್ನ ಕೂದಲು ಹಿಡ್ಕೊಳ್ಳುತ್ತೆ. ಜೊತೆಗೆ ಶಾಂಪೂ ಸ್ಯಾಷೆ ಹರಿದ ಮೂಲೆಗಳು ನಾಲ್ಕೈದು, ಮಗಳ ಒಂದು ಕ್ಲಿಪ್ಪು. ಅಷ್ಟೇ. ಬಟ್ಟಲು ತೊಳೆದು ವಾಪಸ್ ಇಟ್ಟು ಎರಡು ಬಕೆಟ್ ನೀರು ಸುರಿದೆ, ಗೊಟಕ್ ಅಂತ ಹೋಯ್ತು. (ಜಾಲರಿ ಬಿಚ್ಚಿದೋರು ಆ ಬಟ್ಟಲನ್ನ ಕಿತ್ತು ಬಿಸಾಕಬೇಡಿ. ನೀರು ಬೇಗ ಹೋಗುತ್ತೆ ಅಂತ ಎಷ್ಟೋ ಮನೇಲಿ ಹಾಗೆ ಮಾಡಿರ್ತಾರೆ, ಆಮೇಲೆ ಜಿರಳೆ, ವಾಸನೆ ಎರಡೂ ಮನೆಯೊಳಗೆ.)

ಈಗ ಲೆಕ್ಕ ಹಾಕಿ. ಈ ಒಂದು ಹಿಡಿ ಕೂದಲಿಗೋಸ್ಕರ ಒಬ್ಬ ಮನುಷ್ಯನನ್ನ ಕುಡಿಸಿ ಪಿಟ್ಟಿಗೆ ಇಳಿಸೋರಿದ್ರು.

ಪಿಟ್ಟಿನೊಳಗೆ ಏನಿರುತ್ತೆ ಅಂತ ಇಳಿಸೋರಿಗೆ ಗೊತ್ತಿಲ್ಲ ಅಂತಲ್ಲ. ಗಲೀಜು ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಬರುತ್ತೆ, ಕೊಳೆತ ಮೊಟ್ಟೆ ವಾಸನೆ. ಅದರ ಮೋಸ ಏನಂದ್ರೆ, ಗ್ಯಾಸು ಜಾಸ್ತಿ ಆದ ಹಾಗೆ ಮೂಗು ಸತ್ತು ಹೋಗುತ್ತೆ, ವಾಸನೆಯೇ ತಿಳಿಯಲ್ಲ. ವಾಸನೆ ಹೋಯ್ತು ಅಂತ ಧೈರ್ಯ ಮಾಡಿ ಇನ್ನೊಂದು ಹೆಜ್ಜೆ ಕೆಳಗೆ ಇಡ್ತಾನೆ, ಅಲ್ಲೇ ಕುಸೀತಾನೆ. ಮೇಲಿದ್ದ ತಮ್ಮನೋ ಭಾವನೋ ಎಳೆಯೋಕೆ ಇಳೀತಾನೆ, ಅವನೂ ಕುಸೀತಾನೆ. ಪೇಪರಲ್ಲಿ ಇಬ್ಬರು, ಮೂವರು ಅಂತ ಒಟ್ಟೊಟ್ಟಿಗೇ ಸಾವು ಬರೋದು ಹೀಗೆ. ಅದನ್ನ "ಉಸಿರುಗಟ್ಟಿ ಸಾವು" ಅಂತ ಬರೀತಾರೆ. ಉಸಿರು ಕಟ್ಟಿಸಿದೋರ ಹೆಸರು ಬರೆಯಲ್ಲ.

ಕಾನೂನು ಇಲ್ಲ ಅನ್ನೋ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಅರಸು ಸರ್ಕಾರ ಇದ್ದಾಗಲೇ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ರು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು. ಇಷ್ಟಾದ ಮೇಲೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದೋರು ಪುರಸಭೆ ಮುಂದೆ ಮೈಮೇಲೆ ಮಲ ಸುರ್ಕೊಂಡು ನಿಲ್ಲಬೇಕಾಯ್ತು, ತಾವಿದ್ದ ಜಾಗದಿಂದ ಎಬ್ಬಿಸಬೇಡಿ ಅಂತ ಕೇಳೋಕೆ. ಆ ಫೋಟೋ ನೋಡಿದ ದಿನ ನಮ್ಮಲ್ಲಿ ಎಷ್ಟು ಜನಕ್ಕೆ ಅನ್ನ ಇಳೀಲಿಲ್ಲ ಅನ್ನೋದು ನೆನಪಿದೆ ತಾನೇ? ಮತ್ತೆ 2013ರ ಕಾಯ್ದೆ. ಅದರ 7ನೇ ಸೆಕ್ಷನ್ ಪ್ರಕಾರ ಅಪಾಯಕಾರಿಯಾಗಿ ಚರಂಡಿ, ಸೆಪ್ಟಿಕ್ ಟ್ಯಾಂಕ್ ಕ್ಲೀನ್ ಮಾಡೋಕೆ ಯಾರೂ ಯಾರನ್ನೂ ಹಚ್ಚೋ ಹಾಗಿಲ್ಲ. ಇದು ಕಂಟ್ರಾಕ್ಟರಿಗೆ ಮಾತ್ರ ಅಲ್ಲ, ಮನೆ ಓನರಿಗೂ ಅನ್ವಯಿಸುತ್ತೆ. ಮೊದಲ ಸಲ ಸಿಕ್ಕಿಬಿದ್ರೆ 2 ವರ್ಷದವರೆಗೆ ಜೈಲು, ಇಲ್ಲ 2 ಲಕ್ಷದವರೆಗೆ ದಂಡ, ಇಲ್ಲ ಎರಡೂ. ರಕ್ಷಣಾ ಸಲಕರಣೆ ಕೊಟ್ರೆ ಸರಿ ಅನ್ನೋ ಕಿಂಡಿ ಕಾಯ್ದೆಯೊಳಗೇ ಇದೆ, ಒಂದು ಜೊತೆ ಗ್ಲೌಸ್ ಕೊಟ್ಟು ಆ ಕಿಂಡೀಲಿ ತಪ್ಪಿಸ್ಕೊಳ್ಳೋರೂ ಇದಾರೆ. ಸತ್ತೋರ ಮನೆಗೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳ್ತು, 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. ಅಂದ್ರೆ ಹೆಣದ ಬೆಲೆ ಜಾಸ್ತಿ ಆಯ್ತು. ಮೇಲಿನ ಮನೆಯೋರ ಲೆಕ್ಕದಲ್ಲಿ ಜೀವದ ಬೆಲೆ ಇನ್ನೂ 500 ರೂಪಾಯಿ, ಒಂದು ಕ್ವಾರ್ಟರ್.

ಹೊಸ ಜಾಲರಿ 180 ರೂಪಾಯಿ. ಅಂಚಿಗೆ ಸ್ವಲ್ಪ ಗ್ರೀಸ್ ಹಚ್ಚಿ ಕೂರಿಸಿದೀನಿ, ಮುಂದಿನ ಸಲ ಸಲೀಸಾಗಿ ಬಿಚ್ಚೋಕೆ. ನನ್ನ ಸಂಗಾತಿ ಎಲ್ಲ ನೋಡ್ತಾ ನಿಂತಿದ್ಲು. "ವಾರವಾರ ಜಾಲರಿ ಮೇಲಿನ ಕೂದ್ಲು ತೆಗೆಯೋಳು ನಾನು. ಅದಕ್ಕೆ ಯಾರೂ ಇಷ್ಟುದ್ದ ಪೋಸ್ಟ್ ಹಾಕಿದ್ದು ಕಾಣ್ಲಿಲ್ಲ" ಅಂದ್ಲು. ಸರಿಯಾದ ಮಾತು. ಊರಿಗೊಂದು ಕಾಲೋನಿ ಇರೋ ಹಾಗೆ ಎಲ್ಲ ಮನೆಯೊಳಗೂ ಬಚ್ಚಲು ತೊಳೆಯೋಕೆ ಒಂದು ಜಾತಿ ಇರುತ್ತೆ. ನಮ್ಮ ಸಂಘಟನೆಗಳ ಗಂಡಸರು ಈ ಸಾಲನ್ನ ಎರಡು ಸಲ ಓದಿ.

ಸೋಮವಾರ ಆಫೀಸಲ್ಲಿ ಊಟದ ಹೊತ್ತಿಗೆ ಈ ಸಾಹಸ ಹೇಳ್ತಿದ್ದೆ. ಒಬ್ಬ ಸಹೋದ್ಯೋಗಿ ಮೇಡಂ ಡಬ್ಬಿ ಸ್ವಲ್ಪ ಆಚೆ ಸರಿಸ್ಕೊಂಡು, "ಅಯ್ಯೋ, ನೀವೇ ಕೈ ಹಾಕಿದ್ರಾ? ನಮ್ಮ ಕೈಲಿ ಆಗಲ್ಲಪ್ಪ. ನಿಮಗಾದ್ರೆ ಅಭ್ಯಾಸ ಇರುತ್ತೆ" ಅಂದ್ರು. 'ನಿಮಗಾದ್ರೆ' ಅನ್ನೋದನ್ನ ಅವರು ಹೇಳಿದ ರೀತಿ ನಿಮಗೆ ಬರೆದು ತೋರಿಸೋಕಾಗಲ್ಲ. ನಮ್ಮೋರು ಎಲ್ಲರೂ ಅದನ್ನ ಕೇಳಿದೀರಿ.

"ಇರಲಿಲ್ಲ ಮೇಡಂ, ಅಮೆರಿಕದೋನ ಹತ್ರ ಕಲಿತೆ. ಲಿಂಕ್ ಕಳಿಸ್ಲಾ?" ಅಂದೆ. ಟೇಬಲ್ಲಿನ ಆ ತುದೀಲಿ ಯಾರೋ ನಕ್ಕರು. ಲಿಂಕನ್ನ ಆಫೀಸ್ ಗ್ರೂಪಿಗೇ ಹಾಕಿದೀನಿ. ಎಲ್ಲರ ಮನೇಲೂ ಬಚ್ಚಲಿದೆ.

ಓನರಿಗೆ ಆ ಕೂದಲಿನ ಉಂಡೆಯನ್ನ ಪೇಪರಲ್ಲಿ ಸುತ್ತಿ ತೋರಿಸಿದೆ. "ಪಿಟ್ ಸರಿ ಇದೆ ಸಾರ್, ಇಷ್ಟೇ ಇದ್ದದ್ದು" ಅಂದೆ. ಮೂಗು ಮುಚ್ಕೊಂಡ್ರು. "ಈಗ ಸರಿ ಇರಬೋದು. ಯುಗಾದಿ ಹೊತ್ತಿಗೆ ತುಂಬೇ ತುಂಬುತ್ತೆ, ಆಗ ನೋಡ್ಕೋತೀನಿ" ಅಂದ್ರು. ಅಗ್ರಿಮೆಂಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಕ್ಕಿಂಗ್ ಲಾರಿಯವರ ನಂಬರ್ ಚೀಟೀಲಿ ಬರೆದುಕೊಟ್ಟು, 2,000ದಲ್ಲಿ ಅರ್ಧ ನಾನು ಕೊಡ್ತೀನಿ ಅಂತಲೂ ಹೇಳಿದೀನಿ. ಚೀಟಿ ತಗೊಂಡ್ರು, ಜೇಬಿಗೆ ಹಾಕ್ಕೊಳ್ಳಲಿಲ್ಲ, ಕಾಂಪೌಂಡ್ ಗೋಡೆ ಮೇಲೆ ಇಟ್ಟು ಹೋದ್ರು. ಯುಗಾದಿ ಹೊತ್ತಿಗೆ ಲಾರಿ ಬರುತ್ತಾ, ಮನುಷ್ಯ ಬರ್ತಾನಾ ನೋಡಬೇಕು. ಆ ದಿನ ರಜೆ ಹಾಕಿ ಮನೇಲೇ ಇರ್ತೀನಿ. ನಾಲ್ಕು ಸಿ.ಎಲ್. ಬಾಕಿ ಇದೆ.

ಜೈಭೀಮ್.